ಎಂಜಿನ್ ತೈಲ ಸ್ಥಿತಿ ಸಂವೇದಕ

ಎಂಜಿನ್ ತೈಲ ಸ್ಥಿತಿ ಸಂವೇದಕವು ವಾಹನದ ಎಂಜಿನ್‌ನಲ್ಲಿರುವ ಕೀಲೆಣ್ಣೆಯ ಗುಣದಲ್ಲಿ ಉಂಟಾಗುವ ಬದಲಾವಣೆಯನ್ನು ಅಳೆಯುವ ಸಾಧನವಾಗಿದೆ. ಇದನ್ನು ಸಾಮಾನ್ಯವಾಗಿ ಎಂಜಿನ್‌ನ ತಳಭಾಗದ ಆಯಿಲ್ ಸಂಪ್‌ನಲ್ಲಿ ಅಳವಡಿಸಲಾಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆಗಿಂಡಿಯ ಆಕಾರದಲ್ಲಿ ಬೆಳಗುವ ಕೆಂಪು ದೀಪಕ್ಕೂ ಇದಕ್ಕೂ ವ್ಯತ್ಯಾಸವಿದೆ. ಆ ದೀಪವು ತೈಲದ ಒತ್ತಡ ಕುಸಿದಿರುವುದನ್ನು ತಿಳಿಸುತ್ತದೆಯೇ ಹೊರತು ತೈಲ ಕೆಟ್ಟಿರುವುದನ್ನಲ್ಲ.

ಅಗತ್ಯ

ತೈಲವನ್ನು ನಿಗದಿತ ಕಿಲೋಮೀಟರುಗಳಿಗೊಮ್ಮೆ ಬದಲಿಸುವುದು ರೂಢಿ. ಆದರೆ ತೈಲ ಕೆಡುವುದು ದೂರವನ್ನಷ್ಟೇ ಅವಲಂಬಿಸಿಲ್ಲ. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಮುಗಿಯುವ ಕಿರು ಪ್ರಯಾಣಗಳಲ್ಲಿ ನೀರು ಮತ್ತು ಉರಿಯದ ಇಂಧನ ತೈಲಕ್ಕೆ ಸೇರುತ್ತವೆ. ಸಂಚಾರ ದಟ್ಟಣೆಯಲ್ಲಿ ನಿಂತ ವಾಹನದ ಎಂಜಿನ್ ಚಾಲನೆಯಲ್ಲಿದ್ದರೂ ದೂರಮಾಪಕದ ಅಂಕಿ ಬದಲಾಗುವುದಿಲ್ಲ. ಕೆಟ್ಟ ತೈಲವನ್ನು ಬದಲಿಸದಿದ್ದರೆ ಕೆಸರಿನಂತಹ ಪದಾರ್ಥ ಕಟ್ಟಿಕೊಂಡು ತೈಲದ ನಾಳಗಳು ಮುಚ್ಚುತ್ತವೆ, ಬೇರಿಂಗುಗಳು ಸವೆಯುತ್ತವೆ. ಅಕಾಲದಲ್ಲಿ ಬದಲಿಸಿದರೆ ಉತ್ತಮ ತೈಲ ವ್ಯರ್ಥವಾಗುತ್ತದೆ. ಬಳಸಿದ ತೈಲವನ್ನು ಭಾರತದ 2016ರ ನಿಯಮಗಳು ಅಪಾಯಕಾರಿ ತ್ಯಾಜ್ಯಗಳ ಸಾಲಿಗೆ ಸೇರಿಸಿವೆ.

ಕಾರ್ಯವಿಧಾನ

ಹೆಚ್ಚು ಬಳಕೆಯಲ್ಲಿರುವ ವಿಧಾನವು ತೈಲದ ಡೈಎಲೆಕ್ಟ್ರಿಕ್ ಸ್ಥಿರಾಂಕವನ್ನು ಆಧರಿಸಿದೆ. ಎರಡು ಲೋಹದ ಫಲಕಗಳ ನಡುವೆ ತೈಲವಿದ್ದಾಗ ಅವು ವಿದ್ಯುತ್ ಧಾರಕದಂತೆ ವರ್ತಿಸುತ್ತವೆ. ಹೊಸ ತೈಲದ ಸ್ಥಿರಾಂಕ ಸುಮಾರು 2ರಿಂದ 2.5, ನೀರಿನದು ಸುಮಾರು 80. ಆದ್ದರಿಂದ ಅಲ್ಪ ಪ್ರಮಾಣದ ನೀರು ಸೇರಿದರೂ ಧಾರಕತೆ ಏರುತ್ತದೆ. ಉತ್ಕರ್ಷಣದಿಂದ ಹುಟ್ಟುವ ಆಮ್ಲಗಳು ಮತ್ತು ಮಸಿಯೂ ಅದನ್ನು ಏರಿಸುತ್ತವೆ. ಉಷ್ಣತೆಯೊಂದಿಗೂ ಈ ಅಳತೆ ಬದಲಾಗುವುದರಿಂದ ಉಷ್ಣತಾ ಸಂವೇದಕವನ್ನು ಜೊತೆಗೆ ಇರಿಸಲಾಗುತ್ತದೆ. ಇನ್ನೊಂದು ವಿಧದಲ್ಲಿ, ತೈಲದಲ್ಲಿ ಮುಳುಗಿದ ಪುಟ್ಟ ಸ್ಫಟಿಕವನ್ನು ಕಂಪಿಸಿ, ಆ ಕಂಪನ ಎಷ್ಟು ಕುಗ್ಗುತ್ತದೆ ಎಂಬುದರಿಂದ ಸ್ನಿಗ್ಧತೆಯನ್ನು ಅಂದಾಜಿಸಲಾಗುತ್ತದೆ.

ಲೆಕ್ಕಾಚಾರದ ವಿಧಾನ

ಅನೇಕ ಕಾರುಗಳಲ್ಲಿ ಇಂತಹ ಸಂವೇದಕವೇ ಇರುವುದಿಲ್ಲ. ಜನರಲ್ ಮೋಟಾರ್ಸ್ 1980ರ ದಶಕದ ಕೊನೆಯಲ್ಲಿ ಪರಿಚಯಿಸಿದ ವ್ಯವಸ್ಥೆಯು ಎಂಜಿನ್ನಿನ ಸುತ್ತುಗಳು, ಉಷ್ಣತೆ ಮುಂತಾದವುಗಳಿಂದ ತೈಲದ ಉಳಿದ ಆಯುಷ್ಯವನ್ನು ಲೆಕ್ಕಹಾಕುತ್ತದೆ. ಕಳಪೆ ತೈಲ ಸುರಿದಿರುವುದಾಗಲಿ, ಎಂಜಿನ್ ತಂಪುಗೊಳಿಸುವ ದ್ರವ ಸೋರಿ ತೈಲಕ್ಕೆ ಬೆರೆತಿರುವುದಾಗಲಿ ಇಂತಹ ಲೆಕ್ಕಕ್ಕೆ ಗೋಚರಿಸುವುದಿಲ್ಲ.

ಮಿತಿಗಳು

ಪೆಟ್ರೋಲಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ತೈಲದ ಸ್ಥಿರಾಂಕಕ್ಕೆ ಹತ್ತಿರವಿರುವುದರಿಂದ ಅದರ ಬೆರಕೆಯನ್ನು ಧಾರಕ ಸಂವೇದಕವು ಸುಲಭವಾಗಿ ಗುರುತಿಸಲಾರದು. ಅದಕ್ಕೆ ಸ್ನಿಗ್ಧತೆಯ ಅಳತೆ ಬೇಕು. ಲೋಹದ ಸವೆತದ ಕಣಗಳ ನಿಖರ ವಿಶ್ಲೇಷಣೆಗೆ ಪ್ರಯೋಗಾಲಯವೇ ಆಧಾರ. ಬಣ್ಣ ನಂಬಲರ್ಹ ಸೂಚಕವಲ್ಲ: ಡೀಸೆಲ್ ಎಂಜಿನ್ನಿನ ಒಳ್ಳೆಯ ತೈಲವೂ ಮಸಿಯಿಂದಾಗಿ ಬೇಗನೆ ಕಪ್ಪಾಗುತ್ತದೆ. ತೈಲದ ಮಟ್ಟವನ್ನು ಅಳೆಯದ ಸಂವೇದಕವಿರುವ ವಾಹನಗಳಲ್ಲಿ ಡಿಪ್‌ಸ್ಟಿಕ್ಕಿನ ಪರೀಕ್ಷೆ ಅನಿವಾರ್ಯ.