ಚಾಕೊಲೇಟಿಗೊಂದು ಉಲ್ಲನ್ ಅಂಗಿ

ಫೆರೆರೋ ರೋಷೆ ಚಾಕೊಲೇಟ್ ಒಂದರ ತೂಕ 12.5 ಗ್ರಾಂ. ಹೊಂಬಣ್ಣದ ಕಾಗದ ಬಿಡಿಸಿ ಬಾಯಿಗೆ ಹಾಕಿಕೊಂಡರೆ ನಿಮಿಷದೊಳಗೆ ಮುಗಿದುಹೋಗುತ್ತದೆ. ಇಷ್ಟು ಸಣ್ಣದಕ್ಕೆ ಒಂದು ತಾಸು ಕೂತು ಅಂಗಿ ಹೆಣೆಯುವವರಿದ್ದಾರೆ. ಸೆಪ್ಟೆಂಬರ್ ಕಳೆಯುವಷ್ಟರಲ್ಲಿ ಇಂಗ್ಲೆಂಡಿನ ಊರೂರುಗಳಲ್ಲಿ ಕಂದು, ಕೆನೆಬಿಳಿ, ಹಸಿರು, ಕೆಂಪು ಉಲ್ಲನ್ ಉಂಡೆಗಳು ಬುಟ್ಟಿಯಿಂದ ಹೊರಗೆ ಬರುತ್ತವೆ. ಕೆಳಗೆ ಕಂದು, ಮೇಲೆ ಕೆನೆಬಿಳಿ, ನೆತ್ತಿಯ ಮೇಲೆ ಎರಡು ಹಸಿರೆಲೆ, ಎಲೆಗಳ ಬುಡದಲ್ಲಿ ಮೂರು ಕೆಂಪು ಚುಕ್ಕೆ. ಅಲ್ಲಿನ ಯಾವ ಮಗುವಿಗೆ ತೋರಿಸಿದರೂ ಕ್ರಿಸ್‌ಮಸ್ ಪುಡಿಂಗ್ ಎಂದು ಥಟ್ಟನೆ ಹೇಳುತ್ತದೆ. ಡಿಸೆಂಬರ್ ಬಂತೆಂದರೆ ಚರ್ಚಿನ ಹಾಲ್‌ಗಳಲ್ಲಿ, ಶಾಲೆಯ ಮೇಳಗಳಲ್ಲಿ, ಆಸ್ಪತ್ರೆಗೆ ಹಣ ಕೂಡಿಸುವವರ ಮೇಜಿನ ಮೇಲೆ ಇವು ಟ್ರೇಗಳಲ್ಲಿ ಸಾಲುಗಟ್ಟಿ ಕೂತಿರುತ್ತವೆ. ಒಂದಕ್ಕೆ ಒಂದೋ ಎರಡೋ ಪೌಂಡ್.

ಕೆಲಸವಿಲ್ಲದವರು ಹೊತ್ತು ಕಳೆಯಲು ಮಾಡಿಕೊಂಡದ್ದು ಎಂದು ಇದನ್ನು ಬದಿಗೆ ಸರಿಸುವವರುಂಟು. ನನಗೆ ಅದು ಸರಿ ಕಾಣುವುದಿಲ್ಲ. ಸ್ವೆಟರ್ ಚಳಿಗೆ ಬೇಕು, ಕಾಲುಚೀಲ ನಡೆಯಲು ಬೇಕು. ಚಾಕೊಲೇಟಿನ ಅಂಗಿ ಯಾವುದಕ್ಕೂ ಬೇಕಿಲ್ಲ. ಹಾಗೆ ಬೇಡದ್ದೊಂದನ್ನು ಮತ್ತೊಬ್ಬರ ಖುಷಿಗೆಂದೇ, ಒಂದು ಕುಣಿಕೆಯೂ ಜಾರದಂತೆ ಮಾಡಿಕೊಡುವುದರಲ್ಲಿ ಹಬ್ಬದ ಅರ್ಧ ಸತ್ವ ಇದೆ. ತಿಂಡಿ ಕರಗಿಹೋಗುತ್ತದೆ, ಹೊದಿಕೆ ಉಳಿಯುತ್ತದೆ. ಮುಂದಿನ ವರ್ಷ ಅದರ ನೆತ್ತಿಗೊಂದು ದಾರ ಕಟ್ಟಿದರೆ ಕ್ರಿಸ್‌ಮಸ್ ಮರದ ಕೊಂಬೆಯಲ್ಲಿ ತೂಗುತ್ತದೆ.

ಪುಡಿಂಗ್ ಈ ಹೆಣಿಗೆಗೆ ಇಷ್ಟು ಚೆನ್ನಾಗಿ ಒಗ್ಗಿದ್ದಕ್ಕೆ ಕಾರಣ ಅದರ ಆಕಾರ. ಒಣದ್ರಾಕ್ಷಿ, ಹಸುವಿನ ಮೂತ್ರಪಿಂಡದ ಸುತ್ತಲಿನ ಗಟ್ಟಿ ಕೊಬ್ಬು, ಬ್ರೆಡ್ ಪುಡಿ, ಮೊಟ್ಟೆ, ಮಸಾಲೆ, ಬ್ರಾಂದಿ ಸೇರಿಸಿ ತಾಸುಗಟ್ಟಲೆ ಬೇಯಿಸುವ ಪದಾರ್ಥ ಅದು. ಕ್ರಿಸ್ತ ಮತ್ತು ಹನ್ನೆರಡು ಶಿಷ್ಯರ ಲೆಕ್ಕಕ್ಕೆ 13 ಸಾಮಗ್ರಿ ಹಾಕುವ ವಾಡಿಕೆಯೂ ಇದೆ. ಕ್ರಿಸ್‌ಮಸ್ ಸಿದ್ಧತೆಯ ಕಾಲವಾದ ಆಡ್ವೆಂಟ್ ಶುರುವಾಗುವ ಮುಂಚಿನ ಭಾನುವಾರ ಮನೆಯವರೆಲ್ಲ ಸರದಿಯ ಮೇಲೆ ಸೌಟು ಹಿಡಿದು ಹಿಟ್ಟನ್ನು ಪೂರ್ವದಿಂದ ಪಶ್ಚಿಮಕ್ಕೆ ತಿರುಗಿಸುತ್ತಾರೆ. ಶಿಶು ಕ್ರಿಸ್ತನನ್ನು ಕಾಣಲು ಮೂಡಣದಿಂದ ಬಂದ ಜ್ಞಾನಿಗಳ ನೆನಪಿಗೆ ಆ ದಿಕ್ಕು. ಒಳಗೊಂದು ಬೆಳ್ಳಿಯ ನಾಣ್ಯ ಹುದುಗಿಸಿದರೆ ಅದು ಸಿಕ್ಕವರಿಗೆ ವರ್ಷವಿಡೀ ಅದೃಷ್ಟ. ಹಿಂದೆ ಹಿಟ್ಟನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕುದಿವ ನೀರಿಗೆ ಇಳಿಸುತ್ತಿದ್ದರು. ಡಿಕನ್ಸ್ 1843ರಲ್ಲಿ ಬರೆದ ‘ಎ ಕ್ರಿಸ್‌ಮಸ್ ಕ್ಯಾರಲ್’ನಲ್ಲಿ ಬಡ ಗುಮಾಸ್ತ ಕ್ರ್ಯಾಚಿಟ್ ಮನೆಯ ಪುಡಿಂಗ್ ಬೇಯುವುದು ಬಟ್ಟೆ ಕುದಿಸುವ ಹಂಡೆಯಲ್ಲಿ. ಗಂಟು ಕಟ್ಟಿದ್ದರಿಂದ ಪುಡಿಂಗ್ ಗುಂಡಗೆ ಬರುತ್ತಿತ್ತು. ಈಗ ಬೋಗುಣಿಯಲ್ಲಿಟ್ಟು ಹಬೆಯಲ್ಲಿ ಬೇಯಿಸುವುದರಿಂದ ಊಟದ ಮೇಜಿನ ಪುಡಿಂಗಿಗೆ ತಳ ಚಪ್ಪಟೆ. ಹಳೆಯ ಗುಂಡು ಪುಡಿಂಗ್ ಉಳಿದಿರುವುದು ಶುಭಾಶಯ ಪತ್ರಗಳ ಚಿತ್ರದಲ್ಲಿ, ಮತ್ತೆ ಈ ಹೆಣಿಗೆಯವರ ಕೈಯಲ್ಲಿ.

ಒಂದನ್ನು ಹೆಣೆದು ನೋಡೋಣ. ನಮ್ಮಲ್ಲಿ ಹತ್ತು ನಂಬರ್ ಎನ್ನುವ ಕಡ್ಡಿ, ಅಂದರೆ 3.25 ಮಿಲಿಮೀಟರಿನದು, ಇದಕ್ಕೆ ಹೇಳಿ ಮಾಡಿಸಿದಂತಿದೆ. ಡಬಲ್ ನಿಟ್ಟಿಂಗ್ ದಪ್ಪದ ನೂಲಿಗೆ ಸಾಮಾನ್ಯವಾಗಿ 4 ಮಿಲಿಮೀಟರಿನ, ಎಂಟು ನಂಬರ್ ಕಡ್ಡಿ ಹಿಡಿಯುತ್ತಾರೆ. ಇಲ್ಲಿ ಬೇಕೆಂದೇ ಸಣ್ಣ ಕಡ್ಡಿ. ಹೆಣಿಗೆ ಬಿಗಿಯಾಗದಿದ್ದರೆ ಕುಣಿಕೆಗಳ ಸಂದಿನಿಂದ ಹೊಂಬಣ್ಣದ ಕಾಗದ ಇಣುಕುತ್ತದೆ. ಚಾಕೊಲೇಟಿನ ಅಡ್ಡಳತೆ ಸುಮಾರು 3 ಸೆಂಟಿಮೀಟರ್, ಸುತ್ತಳತೆ ಒಂಬತ್ತೂವರೆಯ ಆಸುಪಾಸು. ಸೆಂಟಿಮೀಟರಿಗೆ ಎರಡೂವರೆ ಕುಣಿಕೆ ಬಿದ್ದರೆ 24 ಆಗುತ್ತದೆ. ಎರಡು ಕಮ್ಮಿ ಮಾಡಿ 22 ಹಾಕಿಕೊಳ್ಳಬೇಕು, ಆಗ ಅಂಗಿ ಸ್ವಲ್ಪ ಹಿಗ್ಗಿ ಮೈಗೆ ಅಂಟಿ ಕೂರುತ್ತದೆ. ಕಂದು ನೂಲಿನಲ್ಲಿ ಒಂದು ಸಾಲು ನಿಟ್, ಒಂದು ಸಾಲು ಪರ್ಲ್, ಹೀಗೆ ಎಂಟು ಸಾಲು. ಆಮೇಲೆ ಕೆನೆಬಿಳಿ.

ಅಂಗಿಯ ಚೆಂದವೆಲ್ಲ ಈ ಬಣ್ಣ ಬದಲಾಗುವ ಜಾಗದಲ್ಲಿದೆ. ನೇರ ಗೆರೆ ಎಳೆದಂತೆ ಕಂದು ಮುಗಿದು ಬಿಳಿ ಶುರುವಾದರೆ ಪುಡಿಂಗ್ ಟೋಪಿ ಹಾಕಿಕೊಂಡ ಹಾಗೆ ಕಾಣುತ್ತದೆ. ಮೇಲಿನಿಂದ ಸುರಿದ ಸಾಸ್ ಅಲ್ಲಲ್ಲಿ ಇಳಿದಂತಿರಬೇಕು. ಅದಕ್ಕೆ ಒಂದು ಸಾಲಿನಲ್ಲಿ ಮೂರು ಕಂದು ಒಂದು ಬಿಳಿ, ಮುಂದಿನ ಸಾಲಿನಲ್ಲಿ ಒಂದು ಕಂದು ಮೂರು ಬಿಳಿ ಹೆಣೆದು, ಹೆಚ್ಚಾದ ಎಳೆಯನ್ನು ಒಳಬದಿಯಲ್ಲಿ ಸಡಿಲವಾಗಿ ಸಾಗಿಸುತ್ತಾರೆ. ಎಳೆ ಬಿಗಿಯಾದರೆ ಹೆಣಿಗೆ ಸುಕ್ಕಾಗುತ್ತದೆ. ಇದಾದ ಮೇಲೆ ಬರೀ ಬಿಳಿ ಮೂರು ನಾಲ್ಕು ಸಾಲು. ಕೊನೆಗೆ ಎರಡೆರಡು ಕುಣಿಕೆ ಕೂಡಿಸಿ ಹನ್ನೊಂದಕ್ಕೆ ಇಳಿಸಿ, ನೂಲನ್ನು ಸೂಜಿಗೆ ಪೋಣಿಸಿ, ಅಷ್ಟರಲ್ಲೂ ದಾಟಿಸಿ ಎಳೆದರೆ ನೆತ್ತಿ ಮುಚ್ಚಿಕೊಳ್ಳುತ್ತದೆ. ಪಕ್ಕದ ಅಂಚು ಹೊಲಿಯಬೇಕು. ತಳ ಹಾಗೇ ತೆರೆದಿರುತ್ತದೆ, ಚಾಕೊಲೇಟಿನ ಅಡಿಯ ಕಂದು ಕಾಗದದ ಬಟ್ಟಲೇ ತಳವಾಗುತ್ತದೆ.

ನೆತ್ತಿಯ ಎಲೆಗಳು ಹಾಲಿ ಎಂಬ ಗಿಡದವು. ಅವುಗಳ ಅಂಚು ಮುಳ್ಳುಮುಳ್ಳಾಗಿ ಬರಬೇಕಾದ್ದರಿಂದ ಇಡೀ ಹೆಣಿಗೆಯಲ್ಲಿ ನಾಜೂಕಿನ ಕೆಲಸ ಅದೇ. ಯಾರ್ಕ್‌ಷೈರಿನ ಚರ್ಚ್ ಹಾಲ್ ಒಂದರಲ್ಲಿ ಹೆಣೆಯುವವರ ಗುಂಪೊಂದನ್ನು ನೋಡಿದ್ದೇನೆ. ಗಂಟುಕಟ್ಟಿದ ಬೆರಳಿನ ಹಿರಿಯರೊಬ್ಬರು ಕಂದು ಭಾಗ ಮಾತ್ರ ಹೆಣೆದು ಪಕ್ಕಕ್ಕೆ ಕೊಡುತ್ತಿದ್ದರು. ಎರಡನೆಯವರು ಬಿಳಿ ಸೇರಿಸಿ ನೆತ್ತಿ ಮುಚ್ಚುತ್ತಿದ್ದರು. ಕಣ್ಣು ಚುರುಕಾಗಿದ್ದ ಮೂರನೆಯವರ ಪಾಲಿಗೆ ಎಲೆ ಮತ್ತು ಹಣ್ಣು. ಕಂದು ಹೆಣೆಯುವವರು ಒಮ್ಮೆಯೂ ಕೈ ಕಡೆ ನೋಡಲಿಲ್ಲ, ಮಾತು ಮೊಮ್ಮಗನ ಹೊಸ ಮನೆಯ ಬಗ್ಗೆ ಸಾಗಿತ್ತು. ಎಲ್ಲ ಬಲ್ಲ ಕೈಗಳೇ ಆದರೂ ವಯಸ್ಸು ಒಬ್ಬೊಬ್ಬರಿಂದ ಒಂದೊಂದನ್ನು ಕಿತ್ತುಕೊಂಡಿದೆ. ಮೂರು ಜನ ಸೇರಿದರೆ ಏನೂ ಕಮ್ಮಿಯಾಗುವುದಿಲ್ಲ.

ದೊಡ್ಡ ಪುಡಿಂಗ್ ಬೇಕೆನ್ನುವವರಿಗೆ ಟೆರೀಸ್ ಚಾಕೊಲೇಟ್ ಆರೆಂಜ್ ಇದೆ. ಯಾರ್ಕ್ ನಗರದ ಟೆರೀಸ್ ಕಾರ್ಖಾನೆ 1926ರಲ್ಲಿ ಚಾಕೊಲೇಟಿನ ಸೇಬು ಮಾಡಿತು, 1932ರಲ್ಲಿ ಕಿತ್ತಳೆ. ಸೇಬು ಕಾಲಕ್ರಮೇಣ ಮರೆಯಾಯಿತು. 20 ಎಸಳಿನ ಕಿತ್ತಳೆ ಇಂದಿಗೂ ಕ್ರಿಸ್‌ಮಸ್ ಕಾಲುಚೀಲದ ತುದಿಯಲ್ಲಿ ಕೂರುತ್ತದೆ. ಮೇಜಿಗೆ ಒಮ್ಮೆ ಕುಟ್ಟಿದರೆ ಎಸಳೆಸಳಾಗಿ ಬಿಚ್ಚಿಕೊಳ್ಳುತ್ತದೆ. ಯಾರ್ಕ್‌ನ ಕಾರ್ಖಾನೆಗೆ 2005ರಲ್ಲಿ ಬೀಗ ಬಿತ್ತು, ತಯಾರಿಕೆ ಬೇರೆ ದೇಶಗಳಿಗೆ ಹೋಯಿತು. 2016ರಲ್ಲಿ ತೂಕವನ್ನು 175 ಗ್ರಾಂನಿಂದ 157ಕ್ಕೆ ಇಳಿಸಿದಾಗ ತಿನ್ನುವವರು ಮುನಿಸಿಕೊಂಡರು. ಇಳಿಸಿದ್ದು ಎಸಳುಗಳ ನಡುವೆ ಸಂದು ಬಿಟ್ಟು. ಹೀಗಾಗಿ ಹೆಣೆಯುವವರ ಹಳೆಯ ಲೆಕ್ಕ ಹೆಚ್ಚುಕಮ್ಮಿ ಹಾಗೇ ನಡೆಯಿತು.

ಇವೆಲ್ಲಕ್ಕೂ ಹಿರಿಯಜ್ಜಿ ಟೀ ಪಾಟಿನ ಗವಸು. ವಿಕ್ಟೋರಿಯಾ ಕಾಲದ ಮಧ್ಯಾಹ್ನದ ಚಹಾದ ಜೊತೆ ಮನೆಮನೆಗೆ ಬಂದದ್ದು ಅದು. ಮೂತಿಗೊಂದು ಕಿಂಡಿ, ಹಿಡಿಗೊಂದು ಕಿಂಡಿ ಬಿಟ್ಟು ಹೆಣೆದ ಗವಸು ಚಹಾವನ್ನು ಬಿಸಿಯಾಗಿಡುತ್ತಿತ್ತು. ಆಮೇಲೆ ಬೇಯಿಸಿದ ಮೊಟ್ಟೆಗೆ ಪುಟ್ಟ ಟೋಪಿ. ಅಲ್ಲಿಯವರೆಗೂ ಬಿಸಿಯ ನೆಪವಿತ್ತು. ಕಳೆದ ಶತಮಾನದ ಅರವತ್ತು, ಎಪ್ಪತ್ತರ ದಶಕದ ಬಚ್ಚಲುಮನೆಗಳಲ್ಲಿ ಟಾಯ್ಲೆಟ್ ಪೇಪರಿನ ಸುರುಳಿಯನ್ನು ಅಗಲ ಲಂಗದೊಳಗೆ ಅಡಗಿಸಿಕೊಂಡ ಗೊಂಬೆ ನಿಂತಾಗ ಆ ನೆಪವೂ ಬಿಟ್ಟುಹೋಯಿತು. ಹಬ್ಬ ಬಂದರೆ ವೈನ್ ಬಾಟಲಿಗೆ ಸಾಂತಾನ ಕೆಂಪು ಕೋಟು, ಜ್ಯಾಮ್ ಸೀಸೆಗೆ ಹಿಮಮಾನವನ ಮುಖ. ಜೀನ್ ಗ್ರೀನ್‌ಹೋ ಅವರ ಗೊಂಬೆ ಹೆಣಿಗೆಯ ಪುಸ್ತಿಕೆಗಳನ್ನು ನೋಡಿಯೇ ಕಲಿತ ಅಜ್ಜಿಯರು ಬ್ರಿಟನ್ನಿನಲ್ಲಿ ಬಹಳ.

ಈ ಕೆಲಸದ ದೊಡ್ಡ ಮುಖ ಕಂಡದ್ದು 2003ರಲ್ಲಿ. ಇನೊಸೆಂಟ್ ಎಂಬ ಹಣ್ಣಿನ ಪಾನೀಯದ ಕಂಪನಿ, ಹಿರಿಯರಿಗಾಗಿ ದುಡಿಯುವ ಸಂಸ್ಥೆಯ ಜೊತೆ ಸೇರಿ ‘ಬಿಗ್ ನಿಟ್’ ಶುರು ಮಾಡಿತು. 2009ರಿಂದ ಆ ಸಂಸ್ಥೆಯ ಹೆಸರು ಏಜ್ ಯುಕೆ. ಜನ ಬಾಟಲಿಯ ಮುಚ್ಚಳಕ್ಕೆ ಪುಟ್ಟ ಕುಲಾವಿ ಹೆಣೆದು ಕಳಿಸಬೇಕಿತ್ತು. ಕುಲಾವಿ ತೊಟ್ಟ ಬಾಟಲಿಗಳು ಚಳಿಗಾಲದಲ್ಲಿ ಅಂಗಡಿಗೆ ಬರುತ್ತಿದ್ದವು, ಒಂದು ಮಾರಾಟವಾದರೆ ಇಂತಿಷ್ಟು ಪೆನ್ಸ್ ಹಿರಿಯರ ನಿಧಿಗೆ ಹೋಗುತ್ತಿತ್ತು. ಪುಡಿಂಗ್, ಹಿಮಸಾರಂಗ, ಸಾಂತಾ, ಪೆಂಗ್ವಿನ್, ಬಂದ ಕುಲಾವಿಗಳ ವೇಷಕ್ಕೆ ಮಿತಿಯಿರಲಿಲ್ಲ. ನನ್ನ ಮನಸ್ಸಿಗೆ ತಟ್ಟಿದ್ದು ಬೇರೆ. ಒಂಟಿಯಾದ ಮುದುಕರಿಗೆ ಚಳಿಗಾಲ ಕಳೆಯಲು ಆಸರೆಯಾಗಲಿ ಎಂದು ಕೂಡಿಸುತ್ತಿದ್ದ ಹಣ ಅದು. ಕುಲಾವಿ ಹೆಣೆದವರಲ್ಲೂ ಅನೇಕರು ಅದೇ ವಯಸ್ಸಿನವರು. ಹಣ ಕೈಸೇರುವುದು ಆಮೇಲಿನ ಮಾತು. ಹೆಣೆಯಲೆಂದು ವಾರಕ್ಕೊಮ್ಮೆ ಗ್ರಂಥಾಲಯದ ಮೂಲೆಯಲ್ಲೋ ವೃದ್ಧರ ಮನೆಯ ಹಜಾರದಲ್ಲೋ ನಾಲ್ಕು ಜನ ಕೂತಾಗಲೇ ಅವರ ಒಂಟಿತನಕ್ಕೆ ಅರ್ಧ ಮದ್ದು ಸಿಕ್ಕಿರುತ್ತದೆ. ಹಣ ಕೊಟ್ಟರೆ ಸಾಕಿತ್ತು, ಕುಲಾವಿ ಯಾಕೆ ಎಂದು ಕೇಳುವವರು ಈ ಅರ್ಧವನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಇದನ್ನು ಮನೆಯಲ್ಲೇ ಕೂತು ಮಾಡುವ ದಂಧೆ ಎಂದು ಹೊಗಳುವವರಿಗೆ ನಾನು ತಲೆಯಾಡಿಸಲಾರೆ. ತಾಸಿಗೊಂದು ಪುಡಿಂಗ್, ಅದಕ್ಕೆ ಎರಡು ಪೌಂಡ್, ಅದರಲ್ಲಿ ನೂಲು ಮತ್ತು ಚಾಕೊಲೇಟಿನ ಖರ್ಚು ಕಳೆಯಬೇಕು. ಬ್ರಿಟನ್ನಿನ ಕನಿಷ್ಠ ಕೂಲಿಯ ಹತ್ತಿರಕ್ಕೂ ಇದು ಬರುವುದಿಲ್ಲ. ಕೈಕೆಲಸವನ್ನು ಅಷ್ಟು ಅಗ್ಗವಾಗಿ ಮಾರಿದರೆ ಅದರಿಂದಲೇ ಹೊಟ್ಟೆ ಹೊರೆಯುವವರಿಗೂ ಪೆಟ್ಟು. ದಾನದ ಮೇಜಿನ ಮೇಲಿದ್ದರೆ ಮಾತ್ರ ಆ ಎರಡು ಪೌಂಡಿಗೆ ನ್ಯಾಯ, ಯಾಕೆಂದರೆ ತಾಸನ್ನು ಹೆಣೆದವರು ಕೈಯಾರೆ ಕೊಟ್ಟುಬಿಟ್ಟಿದ್ದಾರೆ.

ಇತ್ತೀಚಿನ ವರ್ಷಗಳಲ್ಲಿ ಹೊದಿಕೆ ಬೀದಿಗೂ ಬಂದಿದೆ. ಬ್ರಿಟನ್ನಿನ ಕಂಬದಂಥ ಅಂಚೆ ಪೆಟ್ಟಿಗೆ 1852ರಲ್ಲಿ ಜರ್ಸಿ ದ್ವೀಪದಲ್ಲಿ ಮೊದಲು ನಿಂತಿತು. ಅಂಚೆ ಇಲಾಖೆಯಲ್ಲಿದ್ದ ಕಾದಂಬರಿಕಾರ ಆಂಥೊನಿ ಟ್ರೊಲಪ್ ಕೊಟ್ಟ ಸಲಹೆ ಅದು. ಕೆಂಪು ಬಣ್ಣ ಬಂದದ್ದು 1874ರಿಂದ. ಅದರ ದುಂಡು ತಲೆಗೆ ಡಿಸೆಂಬರಿನಲ್ಲಿ ಇಡೀ ಗೋದಲಿಯನ್ನೇ ಹೆಣೆದು ತೊಡಿಸುತ್ತಾರೆ. ಮರಿಯಮ್ಮ, ಜೋಸೆಫ್, ಕುರಿಮರಿ, ಒಂಟೆ, ಎಲ್ಲ ಉಲ್ಲನ್ನಿನವು. ಕೋವಿಡ್ ದಿನಗಳಲ್ಲಿ, ಮನೆಯಿಂದ ಹೊರಟ ನಡಿಗೆ ಅಂಚೆ ಪೆಟ್ಟಿಗೆಯವರೆಗೆ ಮಾತ್ರ ಎಂಬಂತಾಗಿದ್ದಾಗ, ಇವು ಊರೂರಿಗೆ ಹಬ್ಬಿದವು. ಲೆಸ್ಟರ್‌ಷೈರಿನ ಸೈಸ್ಟನ್‌ನಲ್ಲಿ, ಗುಟ್ಟಾಗಿ ಗೋಡೆಗಳ ಮೇಲೆ ಚಿತ್ರ ಬಿಡಿಸುವ ಬ್ಯಾಂಕ್ಸಿಯ ನೆನಪಿಗೆ ‘ನಿಟ್ಟಿಂಗ್ ಬ್ಯಾಂಕ್ಸಿ’ ಎಂದು ಕರೆದುಕೊಂಡವರು ಯಾರೆಂದು ಹೇಳಿಕೊಳ್ಳದೆ ಪೆಟ್ಟಿಗೆಗಳನ್ನು ಸಿಂಗರಿಸುತ್ತಾರೆ. ನಾರ್ವೆಯವರ ದಾರಿ ಇನ್ನೊಂದು. ಅರ್ನೆ ಮತ್ತು ಕಾರ್ಲೋಸ್ ಎಂಬ ಜೋಡಿ ಮರಕ್ಕೆ ತೂಗುಹಾಕುವ 55 ಗುಂಡುಗಳ ಹೆಣಿಗೆಯನ್ನು ಪುಸ್ತಕ ಮಾಡಿದರು. ಕೆಂಪು ಬಿಳಿಯ ಆ ಗುಂಡುಗಳಲ್ಲಿ ನಾರ್ವೆಯ ಹಳೆಯ ಸ್ವೆಟರ್, ಕೈಗವಸುಗಳ ನಕ್ಷತ್ರಗಳೇ ಮತ್ತೆ ಅರಳಿವೆ.

ನಮ್ಮಲ್ಲಿ ಕಡ್ಡಿ ಹಿಡಿದ ಕೈಗಳಿಗೆ ಬರವಿಲ್ಲ. ಬೆಂಗಳೂರಿನ, ಕೊಡಗಿನ, ಚಿಕ್ಕಮಗಳೂರಿನ ಮನೆಗಳಲ್ಲಿ ಬಸುರಿ ಹೆಂಗಸಿಗೆ ತಿಂಗಳು ತುಂಬುವ ಮೊದಲು ಕುಲಾವಿ, ಕಾಲುಚೀಲ ಸಿದ್ಧವಾಗುತ್ತಿದ್ದವು. ಮಿಕ್ಕ ಉಂಡೆಗಳು ಟ್ರಂಕಿನಲ್ಲಿ ಇನ್ನೂ ಇರುತ್ತವೆ. ಒಂದು ಪುಡಿಂಗಿಗೆ ಬೇಕಾದದ್ದು ಬೆರಳಿಗೆ ಸುತ್ತುವಷ್ಟು ನೂಲು. ಚಾಕೊಲೇಟಂತೂ ದೀಪಾವಳಿಯ ಉಡುಗೊರೆ ಡಬ್ಬಿಯಲ್ಲೇ ಬಂದಿರುತ್ತದೆ. ಮಂಗಳೂರಿನ ಸೆಕೆಗೆ ಉಲ್ಲನ್ ಹಿಡಿಸದಿದ್ದರೆ ಹತ್ತಿಯ ನೂಲಿನಲ್ಲಿ ಕ್ರೋಶಾ ಹಾಕಬಹುದು. ನೆವ್ರಿ, ಕಿಡಿಯೊ, ಗುಳಿಯೊ ತುಂಬಿದ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳ ತಟ್ಟೆ ಅಕ್ಕಪಕ್ಕದ ಮನೆಗಳಿಗೆ ಹೋಗುವಾಗ ಅದರ ಮೂಲೆಯಲ್ಲಿ ಇಂಥದ್ದೊಂದು ಕೂತರೆ ಚೆನ್ನಾಗಿಯೇ ಇರುತ್ತದೆ. ಕೆಂಪು ಹಣ್ಣಿಗೆ ಮಣಿ, ಗುಂಡಿ ಹೊಲಿಯುವುದು ಮಾತ್ರ ಬೇಡ. ಚಿಕ್ಕ ಮಕ್ಕಳು ಕಿತ್ತು ನುಂಗುತ್ತವೆ, ಕೆಂಪು ನೂಲಿನ ಗಂಟು ಹಾಕಿದರೆ ಸಾಕು. ಒಳಗೆ ಹೇಜಲ್‌ನಟ್ ಇದೆ ಎಂದು ಚೀಟಿಯಲ್ಲಿ ಬರೆದು ಕಟ್ಟುವುದೂ ಅಷ್ಟೇ ಮುಖ್ಯ. ಆ ಬೀಜ ಕೆಲವರ ಮೈಗೆ ಆಗುವುದಿಲ್ಲ, ಹೊದಿಕೆಯ ಮೇಲಿನಿಂದ ಅದು ತಿಳಿಯುವುದೂ ಇಲ್ಲ.

ಜನವರಿಯಲ್ಲಿ ಕಂದು ಉಂಡೆ ಒಳಗೆ ಹೋಗಿ ಹಳದಿ ಉಂಡೆ ಹೊರಗೆ ಬರುತ್ತದೆ. ಈಸ್ಟರ್ ಹೊತ್ತಿಗೆ ಕ್ಯಾಡ್‌ಬರಿ ಕ್ರೀಮ್ ಎಗ್ ಒಳಗಿಟ್ಟುಕೊಳ್ಳುವ ಕೋಳಿಮರಿಗಳು ಬೇಕಲ್ಲ. ಗುಣವಾಗದ ಕಾಯಿಲೆಯ ಮಕ್ಕಳನ್ನು ನೋಡಿಕೊಳ್ಳುವ ಮ್ಯಾಂಚೆಸ್ಟರಿನ ಫ್ರಾನ್ಸಿಸ್ ಹೌಸ್ ಎಂಬ ಹಾಸ್ಪಿಸ್ ಇಂಥ ಮರಿಗಳನ್ನು ಮಾರಿಯೂ ಹಣ ಕೂಡಿಸುತ್ತದೆ. ಕೋಳಿಮರಿಯ ಕೊಕ್ಕಿಗೆ ಕಿತ್ತಳೆ ಬಣ್ಣದ ಚೂರು ನೂಲು ಸಾಕು, ಆದರೆ ಎರಡು ಕಣ್ಣು ಒಂದೇ ಎತ್ತರದಲ್ಲಿ ಕೂರಿಸುವುದಕ್ಕೆ ಹಾಲಿ ಎಲೆಗಿಂತಲೂ ಹೆಚ್ಚು ತಾಳ್ಮೆ ಬೇಕು.