ಕಿವಿಗೆ ಎಟುಕದ ಇಂಗ್ಲಿಷ್

1985–86ರ ಬರಗಾಲದ ದಿನಗಳು. ಬಯಲುಸೀಮೆಯ ತಾಲ್ಲೂಕೊಂದರಲ್ಲಿ ನಾನು ಇನ್ನೂ ತರಬೇತಿಯಲ್ಲಿದ್ದ ಅಧಿಕಾರಿ. ಒಂದು ಬೆಳಿಗ್ಗೆ ಬೆಂಗಳೂರಿನಿಂದ ಹಿರಿಯರೊಬ್ಬರು ಟ್ರಂಕ್ ಕರೆ ಮಾಡಿ, ಕುಡಿಯುವ ನೀರಿನ ಟ್ಯಾಂಕರುಗಳನ್ನು ಕಳುಹಿಸುತ್ತಿರುವುದಾಗಿ ಇಂಗ್ಲಿಷಿನಲ್ಲಿ ತಿಳಿಸಿದರು. ನಾನು ಐವತ್ತು ಎಂದು ಬರೆದುಕೊಂಡು ಐವತ್ತು ಹಳ್ಳಿಗಳಿಗೆ ಹೇಳಿಕಳುಹಿಸಿದೆ. ಸಂಜೆ ಬಂದದ್ದು ಹದಿನೈದು. ಅವರು ಹೇಳಿದ್ದು ‘ಫಿಫ್ಟೀನ್’, ನನಗೆ ಕೇಳಿಸಿದ್ದು ‘ಫಿಫ್ಟಿ’. ಉಳಿದ ಮೂವತ್ತೈದು ಹಳ್ಳಿಗಳಲ್ಲಿ ಜನ ಬಿಂದಿಗೆಗಳನ್ನಿಟ್ಟುಕೊಂಡು ಕತ್ತಲಾಗುವವರೆಗೆ ಕಾದಿದ್ದರು. ದೂರವಾಣಿ ಸ್ಪಷ್ಟವಾಗಿರಲಿಲ್ಲವೆಂದು ವರದಿಯಲ್ಲಿ ಬರೆದೆ. ಅದು ಅರ್ಧ ಸತ್ಯ ಮಾತ್ರ. ಅರ್ಥಶಾಸ್ತ್ರದ ಎಂ.ಎ. ಪರೀಕ್ಷೆಯನ್ನು ಇಂಗ್ಲಿಷಿನಲ್ಲಿಯೇ ಬರೆದು ತೇರ್ಗಡೆಯಾಗಿದ್ದ ನನಗೆ ಆ ಭಾಷೆ ಕಣ್ಣಿಗೆ ಬಂದಿತ್ತು, ಕಿವಿಗೆ ಬಂದಿರಲಿಲ್ಲ.

ಈ ಹಳೆಯ ಸಂಗತಿಯನ್ನು ಮತ್ತೆ ನೆನಪಿಗೆ ತಂದವಳು ನಮ್ಮ ಬೀದಿಯಲ್ಲಿ ಬಟ್ಟೆ ಇಸ್ತ್ರಿ ಮಾಡುವವರ ಮಗಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ನರ್ಸಿಂಗ್ ಪದವಿಯ ಮೊದಲ ವರ್ಷದಲ್ಲಿದ್ದಾಳೆ. ಪಠ್ಯಪುಸ್ತಕವನ್ನು ನಿಘಂಟಿನ ನೆರವಿನಿಂದ ಓದಿಕೊಳ್ಳಬಲ್ಲಳು. ತರಗತಿಯಲ್ಲಿ ಮಾತ್ರ ದಿಕ್ಕೇ ತೋಚುವುದಿಲ್ಲ. “ಓದಿದ್ರೆ ಅರ್ಥ ಆಗುತ್ತೆ ಸಾರ್. ಮೇಡಂ ಹೇಳುವಾಗ ಎಲ್ಲಾ ಸೇರಿ ಒಂದೇ ಪದದ ಹಾಗೆ ಕೇಳುತ್ತೆ” ಎಂದಳು. ಸಮಸ್ಯೆಯ ಬೇರು ಅವಳ ಮಾತಿನಲ್ಲಿಯೇ ಇತ್ತು.

ಪುಸ್ತಕದಲ್ಲಿ ಪದಗಳ ನಡುವೆ ಜಾಗವಿರುತ್ತದೆ, ಮಾತಿನಲ್ಲಿ ಇರುವುದಿಲ್ಲ. ‘ಕಪ್ ಆಫ್ ಟೀ’ ಎಂದು ಓದಿದವರ ಕಿವಿಗೆ ಬೀಳುವುದು ‘ಕಪ್ಪಟೀ’. ‘ಆ್ಯನ್ ಆ್ಯಪಲ್’ ಎಂಬುದು ‘ಅನ್ಯಾಪಲ್’ ಆಗುತ್ತದೆ. ಇದು ಇಂಗ್ಲಿಷಿನ ವಕ್ರತೆಯೇನಲ್ಲ. ‘ಏನು ಮಾಡುತ್ತಿದ್ದೀಯ’ ಎಂದು ಬರೆಯುವ ನಾವು ಆಡುವುದು ‘ಏನ್ಮಾಡ್ತಿದೀಯ’ ಎಂದೇ. ಪುಸ್ತಕ ಹಿಡಿದು ಕನ್ನಡ ಕಲಿತ ಹೊರರಾಜ್ಯದವರು ಆಟೋ ಚಾಲಕರ ಮುಂದೆ ತಬ್ಬಿಬ್ಬಾಗುವುದು ಈ ಕಾರಣಕ್ಕೆ. ವ್ಯತ್ಯಾಸವಿಷ್ಟೇ: ಕನ್ನಡ ತನ್ನ ಸಂಧಿಗಳನ್ನು ಬಹುಮಟ್ಟಿಗೆ ಬರೆದು ತೋರಿಸುತ್ತದೆ, ಇಂಗ್ಲಿಷ್ ಅವನ್ನು ಕಾಗುಣಿತದ ಹಿಂದೆ ಬಚ್ಚಿಡುತ್ತದೆ.

ಇನ್ನೊಂದು ತೊಡಕು ಒತ್ತಿನದು. ನಮ್ಮ ಛಂದಸ್ಸು ಲಘು–ಗುರುಗಳನ್ನು ಮಾತ್ರೆಯಿಂದ, ಅಂದರೆ ಉಚ್ಚಾರಣೆಯ ಕಾಲದಿಂದ ಅಳೆಯುತ್ತದೆ. ಆದ್ದರಿಂದ ಹ್ರಸ್ವ–ದೀರ್ಘಗಳ ವಿಷಯದಲ್ಲಿ ನಮ್ಮ ಕಿವಿ ಬಲು ಚುರುಕು. ಇಂಗ್ಲಿಷ್ ಮಾತು ನಡೆಯುವುದು ಒತ್ತಿನ ಮೇಲೆ. ಮುಖ್ಯ ಪದಗಳ ಮೇಲೆ ಭಾರ ಬಿದ್ದು, ನಡುವಿನ ಸಣ್ಣ ಪದಗಳು ಅರ್ಧಕ್ಕರ್ಧ ನುಂಗಿಹೋಗುತ್ತವೆ. ‘ಫಿಫ್ಟಿ’ಯಲ್ಲಿ ಭಾರ ಮೊದಲಿಗೆ, ‘ಫಿಫ್ಟೀನ್’ನಲ್ಲಿ ಸಾಮಾನ್ಯವಾಗಿ ಕೊನೆಗೆ. ಆ ಭಾರವನ್ನು ಹುಡುಕಲು ಕಿವಿಗೆ ಯಾರೂ ಕಲಿಸದಿದ್ದರೆ ಕೊನೆಯ ‘ನ್’ ಒಂದನ್ನೇ ನೆಚ್ಚಿಕೊಳ್ಳಬೇಕು. ಟ್ರಂಕ್ ಕರೆಯ ಗೊರಗೊರ ಸದ್ದಿನಲ್ಲಿ ಮೊದಲು ಮುಳುಗುವುದು ಅದೇ. ಬಸ್ಸು, ಕಾರು, ಬೆಂಚು ಎಂದು ಪ್ರತಿ ವ್ಯಂಜನಕ್ಕೂ ಸ್ವರದ ಬಾಲ ಹಚ್ಚುವ ನಮಗೆ ಪದಾಂತ್ಯದ ವ್ಯಂಜನಗಳು ಮೊದಲಿನಿಂದಲೂ ಅಪರಿಚಿತ. ‘ವಾಕ್’ ಕ್ರಿಯಾಪದದ ಭೂತಕಾಲವನ್ನು ಶಾಲೆಯಲ್ಲಿ ‘ವಾಕೆಡ್’ ಎಂದು ಓದಿಕೊಂಡವನು, ನಿಜವಾದ ‘ವಾಕ್ಟ್’ ಕಿವಿಗೆ ಬಿದ್ದಾಗ ಅದು ಭೂತಕಾಲವೆಂದು ಗುರುತಿಸುವನೇ? ‘ಕ್ಯಾನ್’ ಮತ್ತು ‘ಕಾಂಟ್’ಗಳ ಕಥೆಯೂ ಇದೇ. ಅಮೆರಿಕನ್ನರ ಬಾಯಲ್ಲಿ ನಿಷೇಧದ ಆ ‘ಟ್’ ಕೇಳಿಯೂ ಕೇಳದಂತಿರುತ್ತದೆ. ಆಗಬಹುದೋ, ಆಗದೋ ಎಂಬ ತೀರ್ಮಾನವೇ ಆ ಒಂದು ಧ್ವನಿಯ ಮೇಲೆ ನಿಂತಿರುತ್ತದೆ.

ನಮ್ಮ ಶಾಲೆಗಳು ಇದನ್ನು ಕಲಿಸುವುದಿಲ್ಲ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಬೋಧಿಸಲು ಆರಂಭಿಸಿದ್ದು 2007ರಲ್ಲಿ. 2019–20ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ತೆರೆದವು. ಮಾಧ್ಯಮ ಯಾವುದಾಗಬೇಕೆಂದು ದಶಕಗಟ್ಟಲೆ ಬೀದಿಯಲ್ಲೂ ನ್ಯಾಯಾಲಯಗಳಲ್ಲೂ ವಾದಿಸಿದ ನಾವು, ಮಗುವಿನ ಕಿವಿಗೆ ದಿನಕ್ಕೆ ಎಷ್ಟು ನಿಮಿಷ ಇಂಗ್ಲಿಷ್ ಬೀಳುತ್ತದೆ ಎಂದು ಕೇಳಿದ್ದು ಕಡಿಮೆ. ಮೇಷ್ಟರು ಒಂದು ಸಾಲು ಓದುತ್ತಾರೆ, ಅದರ ಅರ್ಥವನ್ನು ಕನ್ನಡದಲ್ಲಿ ಹೇಳುತ್ತಾರೆ, ಮಕ್ಕಳು ಕಾಯುವುದು ಕನ್ನಡಕ್ಕಾಗಿ. ಮೇಷ್ಟರನ್ನು ದೂರಿ ಫಲವಿಲ್ಲ; ಅವರಿಗೂ ಹೀಗೆಯೇ ಕಲಿಸಲಾಗಿತ್ತು. ಶಿಕ್ಷಕರ ತರಬೇತಿಗೆಂದೇ ಬೆಂಗಳೂರಿನಲ್ಲಿ 1963ರಿಂದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಿದೆ. ಆಕಾಶವಾಣಿಯ ‘ಕೇಳಿ ಕಲಿ’ಯಂತಹ ಒಳ್ಳೆಯ ಬಾನುಲಿ ಪಾಠಗಳೂ ನಮ್ಮಲ್ಲಿ ಬಂದಿವೆ. ಆದರೂ ಎಸ್ಸೆಸ್ಸೆಲ್ಸಿಯ ಅಂತಿಮ ಪರೀಕ್ಷೆ ಬರವಣಿಗೆಯ ಪರೀಕ್ಷೆಯೇ. ಕಿವಿಗೆ ಅಂಕವಿಲ್ಲದ ಮೇಲೆ ಕಿವಿಗೆ ಪಾಠವೂ ಇರುವುದಿಲ್ಲ. ವಿದೇಶಕ್ಕೆ ಹೋಗಬಯಸುವವರು ಬರೆಯುವ ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಸುಮಾರು ಅರ್ಧ ಗಂಟೆ ಬರೀ ಆಲಿಸಿ ನಲವತ್ತು ಪ್ರಶ್ನೆಗಳಿಗೆ ಉತ್ತರಿಸಬೇಕು. ಧ್ವನಿಮುದ್ರಣವನ್ನು ಕೇಳಿಸುವುದು ಒಂದೇ ಬಾರಿ. ಹತ್ತು ವರ್ಷ ಕಲಿಯದ್ದನ್ನು ಆರು ವಾರಗಳಲ್ಲಿ ಕಲಿಯಲು ನಮ್ಮ ಮಕ್ಕಳು ಖಾಸಗಿ ಕೇಂದ್ರಗಳಿಗೆ ಸಾವಿರಗಟ್ಟಲೆ ತೆರುತ್ತಾರೆ.

ಟ್ಯಾಂಕರಿನ ಪ್ರಸಂಗದ ನಂತರ ನನ್ನ ಕಿವಿಯನ್ನು ತಿದ್ದಿದ್ದು ಎರಡು ಬ್ಯಾಂಡಿನ ಒಂದು ಟ್ರಾನ್ಸಿಸ್ಟರ್. ಸಂಜೆ ಕನ್ನಡ ವಾರ್ತೆ ಕೇಳಿ, ರಾತ್ರಿ 9 ಗಂಟೆಯ ಇಂಗ್ಲಿಷ್ ವಾರ್ತೆಗೆ ಕೂರುತ್ತಿದ್ದೆ. ಸುದ್ದಿ ಮೊದಲೇ ಗೊತ್ತಿದ್ದುದರಿಂದ ಗಮನವೆಲ್ಲ ಧ್ವನಿಯ ಮೇಲೆ ಇರುತ್ತಿತ್ತು. ಕ್ರಿಕೆಟ್ ವೀಕ್ಷಕ ವಿವರಣೆಯೂ ಅಂಥದೇ ಪಾಠಶಾಲೆ: ಪದಗಳು ಮಿತ, ಸಂದರ್ಭ ಪರಿಚಿತ, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತಾರೆ. ಕಿರುತರಂಗದಲ್ಲಿ ‘ವಾಯ್ಸ್ ಆಫ್ ಅಮೆರಿಕ’ದ ‘ಸ್ಪೆಷಲ್ ಇಂಗ್ಲಿಷ್’ ಸಿಗುತ್ತಿತ್ತು. 1959ರಲ್ಲಿ ಆರಂಭವಾದ ಆ ಪ್ರಸಾರದಲ್ಲಿ ಸುಮಾರು 1500 ಪದಗಳ ಮಿತಿಯೊಳಗೆ, ಸಾಮಾನ್ಯಕ್ಕಿಂತ ನಿಧಾನವಾಗಿ ಓದುತ್ತಿದ್ದರು. ಅರ್ಥವಾಗುವ ಮಾತು ಕಿವಿಗೆ ಬೀಳುತ್ತಿದ್ದರೆ ಮಾತ್ರ ಭಾಷೆ ಮೈಗೂಡುತ್ತದೆಂದು ಸ್ಟೀಫನ್ ಕ್ರ್ಯಾಶನ್ ಎಂಬ ಭಾಷಾವಿಜ್ಞಾನಿ ವಾದಿಸಿದ್ದನ್ನು ಬಹಳ ಕಾಲದ ಮೇಲೆ ಓದಿದೆ. ಅರ್ಥವಾಗದ ಇಂಗ್ಲಿಷ್ ಚಾನೆಲನ್ನು ದಿನವಿಡೀ ಹಾಕಿಟ್ಟರೆ ಕಿವಿ ತಾನೇ ಕಲಿಯುತ್ತದೆ ಎಂಬ ಸಲಹೆಯಲ್ಲಿ ನನಗೆ ನಂಬಿಕೆಯಿಲ್ಲ. ಅದು ಬರೀ ಗದ್ದಲ.

ಹುಡುಗಿಗೆ ಹೇಳಿದ್ದೂ ಇದನ್ನೇ. ನಾಳೆಯ ಪಾಠವನ್ನು ಇಂದೇ ಓದಿಕೊಂಡು ಹೋಗು. ಪ್ರತಿದಿನ ಎರಡು ನಿಮಿಷದ ಒಂದೇ ಧ್ವನಿಮುದ್ರಣವನ್ನು ಐದು ಬಾರಿ ಕೇಳು. ಮೊದಲ ಸಲ ಪುಸ್ತಕ ಮುಚ್ಚಿ, ಯಾವುದರ ಬಗ್ಗೆ ಮಾತು ಎಂಬುದಷ್ಟನ್ನೇ ಹಿಡಿ. ಎರಡನೆಯ ಸಲ ಕಿವಿಗೆ ದಕ್ಕಿದ್ದನ್ನು ಬರೆ. ಬರಹದ ಪ್ರತಿಯನ್ನು ತೆರೆಯುವುದು ಮೂರನೆಯ ಬಾರಿಗೆ. ಆಗ ತಪ್ಪಿಹೋದ ಪದಗಳಲ್ಲಿ ಮುಕ್ಕಾಲು ಪಾಲು ಮೊದಲೇ ಗೊತ್ತಿದ್ದವೆಂದು ತಿಳಿಯುತ್ತದೆ. ಆ ಬೆರಗೇ ನಿಜವಾದ ಪಾಠ. ಉಳಿದ ಎರಡು ಬಾರಿ ಧ್ವನಿಯ ಜೊತೆಜೊತೆಗೆ ನೀನೂ ಹೇಳು. ಅರ್ಥಶಾಸ್ತ್ರದ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮದ ಪ್ರಕಾರ ಐದನೆಯ ಹೋಳಿಗೆಯ ರುಚಿ ಮೊದಲನೆಯದಕ್ಕಿಂತ ಕಡಿಮೆ. ಆಲಿಸುವ ವಿಷಯದಲ್ಲಿ ಈ ನಿಯಮ ತಲೆಕೆಳಗಾಗುವುದನ್ನು ನಾನು ಕಂಡಿದ್ದೇನೆ.

ಮೊಬೈಲಿನಲ್ಲಿ ವೇಗ ತಗ್ಗಿಸುವ ಸೌಲಭ್ಯವಿದೆ. ಅದು ಧ್ವನಿಯನ್ನು ಹಿಗ್ಗಿಸುತ್ತದೆಯೇ ಹೊರತು ಅಂಟಿಕೊಂಡ ಪದಗಳನ್ನು ಬಿಡಿಸುವುದಿಲ್ಲ. ಮೊದಲ ವಾರಕ್ಕೆ ಸಾಕು. ಚಲನಚಿತ್ರ ನೋಡುವುದಾದರೆ ಅಡಿಬರಹ ಇಂಗ್ಲಿಷಿನಲ್ಲಿಯೇ ಇರಲಿ. ಇನ್ನು ಯಾರ ಇಂಗ್ಲಿಷನ್ನು ಕೇಳಬೇಕು? ಲಂಡನ್ನಿನವರಂತೆ ಮಾತನಾಡಿಸುತ್ತೇವೆನ್ನುವ ಫಲಕಗಳು ನಮ್ಮ ಪ್ರತಿ ವೃತ್ತದಲ್ಲೂ ಇವೆ. ಆರಂಭಿಕರಿಗೆ ಸ್ಪಷ್ಟವಾಗಿ ಮಾತನಾಡುವ ಭಾರತೀಯರ ಇಂಗ್ಲಿಷೇ ಒಳ್ಳೆಯದು. ಈ ಹುಡುಗಿ ನಾಳೆ ಕೇಳಬೇಕಾಗಿರುವುದು ಕೇರಳದ ಮೇಲ್ವಿಚಾರಕಿಯ, ದೆಹಲಿಯ ವೈದ್ಯರ ಮಾತನ್ನು. ಬಿಬಿಸಿ ಆಮೇಲೆ ಬರಲಿ.

ನಾಲ್ಕು ತಿಂಗಳಾದವು. ಪಾಠದಲ್ಲಿ ಅರ್ಧಕ್ಕಿಂತ ಹೆಚ್ಚು ಹಿಡಿಯುತ್ತೇನೆ, ಆದರೆ ತಮಾಷೆ ಮಾಡಿದರೆ ಇನ್ನೂ ತಿಳಿಯುವುದಿಲ್ಲ ಎನ್ನುತ್ತಾಳೆ. ಕಳೆದ ವಾರ ಬಂದಾಗ, ವಾರ್ಡಿನಲ್ಲಿ ಔಷಧದ ಪ್ರಮಾಣವನ್ನು ಬಾಯಲ್ಲಿ ಹೇಳಿದರೆ ಅಂಕಿಗಳನ್ನು ಬಿಡಿಬಿಡಿಯಾಗಿ ‘ಒನ್ ಫೈವ್’, ‘ಫೈವ್ ಝೀರೋ’ ಎಂದು ತಿರುಗಿ ಹೇಳಿ ಖಚಿತಪಡಿಸಿಕೊಳ್ಳಬೇಕೆಂದು ಕಲಿಸಿದ್ದಾರೆಂದಳು. ಆಗ ಅವಳಿಗೆ ಟ್ಯಾಂಕರಿನ ಕಥೆ ಹೇಳಿದೆ. ಅವಳು ನಗಲಿಲ್ಲ.

“ಆ ಊರುಗಳಿಗೆ ನೀರು ಯಾವಾಗ ಬಂತು ಸಾರ್?”

ಮೂರನೆಯ ದಿನ, ಎಂದೆ.