ಮಾಗಳಿ ಬೇರು: ಕಾಡಿನಿಂದ ಕೃಷಿಗೆ

ಸಸ್ಯವೊಂದು ಅಡುಗೆಮನೆಗೆ ಬಂದ ಮಾತ್ರಕ್ಕೆ ಹೊಲಕ್ಕೂ ಬಂದಿತೆಂದು ಭಾವಿಸಲಾಗದು. ಇದಕ್ಕೆ ಮಾಗಳಿ ಬೇರು ತಕ್ಕ ನಿದರ್ಶನ. ಮಾಕಳಿ ಬೇರು ಎಂಬ ರೂಪವೂ ಬಳಕೆಯಲ್ಲಿದೆ. ಮೇಲಿನ ಸಿಪ್ಪೆಯನ್ನೂ ನಡುವಿನ ಗಟ್ಟಿ ನಾರನ್ನೂ ತೆಗೆದು, ಹೋಳುಗಳನ್ನು ಉಪ್ಪು, ಖಾರ, ಸಾಸಿವೆಗಳೊಡನೆ ಮಜ್ಜಿಗೆಯಲ್ಲಿಯೋ ನಿಂಬೆಯ ರಸದಲ್ಲಿಯೋ ನೆನೆಯಿಡುವ ಉಪ್ಪಿನಕಾಯಿ ಕನ್ನಡಿಗರಿಗೆ ತಲೆಮಾರುಗಳಿಂದ ಪರಿಚಿತ. ಆದರೆ ಆ ಬೇರಿನ ಬಳ್ಳಿಯನ್ನು ಕಂಡವರು ವಿರಳ. ಬೆಳೆದವರು ಇನ್ನೂ ವಿರಳ.

ಸಸ್ಯಶಾಸ್ತ್ರಜ್ಞರು ಇದನ್ನು ಡೆಕಾಲೆಪಿಸ್ ಹ್ಯಾಮಿಲ್ಟೋನಿಯೈ ಎಂದು ಗುರುತಿಸುತ್ತಾರೆ. ದಕ್ಷಿಣ ಭಾರತದ ಒಣ ಗುಡ್ಡಗಳಲ್ಲಿ, ಬಂಡೆಗಳ ಸಂದುಗಳಲ್ಲಿ ಹಬ್ಬುವ ಹಾಲುಬಳ್ಳಿಯಿದು. ಹೈದರಾಬಾದಿನಿಂದ ಶ್ರೀಶೈಲಕ್ಕೆ ಸಾಗುವ ಹೆದ್ದಾರಿ ಹಾಯ್ದುಹೋಗುವ ನಲ್ಲಮಲ ಅರಣ್ಯಶ್ರೇಣಿಯೂ ಇದರ ನೆಲೆಗಳಲ್ಲೊಂದು. ತೆಲುಗಿನಲ್ಲಿ ಇದಕ್ಕೆ ಮಾರೇಡು ಗಡ್ಡಲು ಎಂದು ಹೆಸರು.

ಬೇಸಿಗೆಯಲ್ಲಿ ಹೈದರಾಬಾದಿನ ಅಂಗಡಿಗಳಲ್ಲಿ ದೊರೆಯುವ ನನ್ನಾರಿ ಶರಬತ್ತು ಈ ಬಳ್ಳಿಯ ಕಥೆಗೆ ಇನ್ನೊಂದು ಮುಖವನ್ನು ಸೇರಿಸುತ್ತದೆ. ನನ್ನಾರಿ ಎಂಬ ಹೆಸರು ಮೊದಲಿಗೆ ಸಲ್ಲುವುದು ಕನ್ನಡದ ಸೊಗದೆಗೆ. ಆಯುರ್ವೇದದ ಸಾರಿವಾ, ತೆಲುಗಿನ ಸುಗಂಧಿಪಾಲ ಅದೇ. ಸೊಗದೆಯದು ತೆಳುವಾದ ಬೇರು. ಮಾಗಳಿಯದು ಗೆಡ್ಡೆಯಂತೆ ದಪ್ಪನಾದುದು. ಎರಡರ ಪರಿಮಳವೂ ಒಂದೇ ಬಗೆಯದಾದುದರಿಂದ ಶರಬತ್ತಿಗೂ ಔಷಧಿಗೂ ಸೊಗದೆಯ ಬದಲು ಮಾಗಳಿಯನ್ನು ಬಳಸುವ ರೂಢಿ ಬೆಳೆದಿದೆ. ಹೀಗೆ ಒಂದು ಸಸ್ಯದ ಹೆಸರಿನಲ್ಲಿ ಇನ್ನೊಂದರ ಬೇಡಿಕೆ ಹೆಚ್ಚಿತು.

ಮಾಗಳಿಯ ರಾಸಾಯನಿಕ ಘಟಕಗಳನ್ನು ಕುರಿತು ಪಿ.ಬಿ.ಆರ್. ಮೂರ್ತಿ ಮತ್ತು ಟಿ.ಆರ್. ಶೇಷಾದ್ರಿ ಅವರು 1941ರಲ್ಲಿಯೇ ಅಧ್ಯಯನ ಪ್ರಕಟಿಸಿದ್ದರು. ಅದರ ಪರಿಮಳಕ್ಕೆ ಮುಖ್ಯ ಕಾರಣವಾದ ವಸ್ತು ವೆನಿಲಿನ್‌ನ ಸಮಾಂಗಿ, ಅಂದರೆ ಅದೇ ಪರಮಾಣುಗಳು ಬೇರೆ ರೀತಿಯಲ್ಲಿ ಜೋಡಣೆಗೊಂಡ ಸಂಯುಕ್ತ. ಈ ಸುಗಂಧಕ್ಕಾಗಿ ಜನರು ಅರಸುವುದು ಬೇರನ್ನೇ. ಎಲೆಯನ್ನೋ ಹಣ್ಣನ್ನೋ ಕೊಯ್ದರೆ ಸಸ್ಯ ಉಳಿಯುತ್ತದೆ. ಬೇರುಗಳನ್ನೆಲ್ಲ ಅಗೆದು ತೆಗೆದರೆ ಬಳ್ಳಿಯೇ ಅಳಿಯುತ್ತದೆ. ಆದುದರಿಂದ ಕೃಷಿಯೊಂದೇ ಈ ಸಂಗ್ರಹಕ್ಕೆ ನಿಜವಾದ ಪರ್ಯಾಯ.

ಆದರೆ ಕೃಷಿಯ ದಾರಿ ಸುಗಮವಲ್ಲ. ಬಳ್ಳಿಯಲ್ಲಿ ಕಾಯಿ ಕಚ್ಚುವುದು ಕಡಿಮೆ. ಬೀಜಗಳ ಮೊಳಕೆಯ ಪ್ರಮಾಣವೂ ಅಲ್ಪ. ಕಾಂಡದ ತುಂಡುಗಳು ತಾವಾಗಿ ಸುಲಭವಾಗಿ ಬೇರುಬಿಡವು. ಬೇರು ಹುಟ್ಟಿಸುವ ಇಂಡೋಲ್ ಬ್ಯುಟೈರಿಕ್ ಆಮ್ಲದಂತಹ ಪ್ರಚೋದಕದ ಉಪಚಾರ ಅವಶ್ಯಕ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು 2000ದ ಸುಮಾರಿಗೆ ಅಂಗಾಂಶ ಕೃಷಿಯ ಮಾರ್ಗವನ್ನು ಅನುಸರಿಸಿದರು. ಈ ವಿಧಾನದಲ್ಲಿ ಕಾಂಡದ ಗೆಣ್ಣನ್ನು ಕ್ರಿಮಿರಹಿತಗೊಳಿಸಿ, ಪೋಷಕ ಮಾಧ್ಯಮದಲ್ಲಿಟ್ಟು ಚಿಗುರಿಸಿ, ಬೇರು ಬಂದ ಸಸಿಗಳನ್ನು ಕ್ರಮೇಣ ಹೊರಗಿನ ಹವೆಗೆ ಒಗ್ಗಿಸಲಾಗುತ್ತದೆ. ಈ ಕೊನೆಯ ಹಂತವೇ ಸೂಕ್ಷ್ಮವಾದುದು. ಗಾಜಿನ ನಳಿಕೆಯ ತೇವದಲ್ಲಿ ಬೆಳೆದ ಎಳೆಯ ಸಸಿ ಒಣಗಾಳಿಯನ್ನು ಒಮ್ಮೆಗೇ ತಾಳಲಾರದು. ಸಸಿ ಉಳಿದರೂ ಬೇರು ಕೊಯ್ಲಿಗೆ ಬರಲು ಕೆಲವು ವರ್ಷಗಳು ಬೇಕು. ಅಷ್ಟು ಕಾಲ ಕಾಯುವ ರೈತನಿಗೆ ನಿಶ್ಚಿತವಾದ ಮಾರುಕಟ್ಟೆಯೂ ಇರಬೇಕಾಗುತ್ತದೆ.

ಇಲ್ಲಿ ಭಾಷೆಯ ಪಾತ್ರವೂ ಗಮನಾರ್ಹ. ನನ್ನಾರಿಯೆಂದು ಮಾರಾಟವಾದ ಮಾಗಳಿ ಲೆಕ್ಕಕ್ಕೆ ಸಿಗುವುದಿಲ್ಲ. ಲೆಕ್ಕಕ್ಕೆ ಸಿಗದುದರ ನಾಶ ಯಾರ ಗಮನಕ್ಕೂ ಬರುವುದಿಲ್ಲ. ಸೊಗದೆ ಬೇರೆ, ಮಾಗಳಿ ಬೇರೆ ಎಂಬ ವಿವೇಕ ಜನಭಾಷೆಯಲ್ಲಿ ಹಿಂದಿನಿಂದಲೂ ಇದೆ. ಅದನ್ನು ವ್ಯಾಪಾರದ ದಾಖಲೆಗಳಿಗೂ ಸಸ್ಯಪಾಲನಾ ಕೇಂದ್ರಗಳಿಗೂ ತಲುಪಿಸುವುದು ಸಸ್ಯವಿಜ್ಞಾನಿಗಳಷ್ಟೇ ನಿಘಂಟುಕಾರರ ಹೊಣೆಯೂ ಆಗಿದೆ.